ಕಾಳು ಮುಟ್ಟದ ಮರಿ

ಸತ್ಯವ್ವ ಅಪ್ಪ ತಂದು ಹೊದಿಸಿದ ಹಸಿರು ಸೀರೆಯನ್ನು ತಾಯಿಯ ಹೆಣದ ಮೇಲಿಂದ ಕಿತ್ತು ಅಂಗಳಕ್ಕೆ ಒಗೆದಳು. ಸೀರೆ ಹೋಗಿ ಮೂಲೆಯ ಕೋಳಿಬುಟ್ಟಿಯ ಮೇಲೆ ಬಿತ್ತು. ಒಳಗಿನ ಮರಿಗಳು ಚಿಂವ್ ಚಿಂವ್ ಎಂದು ಗದ್ದಲ ಎಬ್ಬಿಸಿದವು.

“ನಿಮ್ಮ ಸೀರಿ ನೀವ ಇಟಕೋರಿ. ನಮ್ಮವ್ವ ತಾನು ದುಡದ ಸೀರಿ ಉಟಗೊಂಡ ಹೊಂಟಾಳ.”

ಅವರ ಮಂದಿಯಲ್ಲಿ ಹೆತ್ತ ಅಪ್ಪನಿಗೆ ಯಾರೂ ಹೀಗೆ ‘ರಿ’ ಹಚ್ಚುವುದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನ ಜೊತೆ ಆಡುವ ಮಾತು ಅದು. ಜಕ್ಕಪ್ಪನಿಗೆ ಅದು ನಾಟಿತು. ಸೀರೆಯನ್ನು ಎತ್ತಿ ಬಗಲಿಗೆ ಇಟ್ಟುಕೊಂಡ.

ಅವನು ಮುಧೋಳದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬನಹಟ್ಟಿಗೆ ಓಡಿ ಬಂದದ್ದು ಹೆಂಡತಿ ಸತ್ತಳೆಂದಲ್ಲ, ಶನಿವಾರ ಸತ್ತಳೆಂದು. ಸತ್ಯವ್ವನಿಗೆ ಅದು ಗೊತ್ತಿತ್ತು. ಬದುಕಿದ್ದಾಗ ಸಿದ್ದಕ್ಕ ಜ್ವರ ಬಂದು ವಾರಗಟ್ಟಲೆ ಮಲಗಿದರೂ ಈ ಮನುಷ್ಯ ಇತ್ತ ತಲೆ ಹಾಕಿರಲಿಲ್ಲ.

ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಕುಲದ ಹಿರಿಯ ಗಿರಮಲ್ಲಪ್ಪ ಕಂಬಳಿ ಸರಿಮಾಡಿಕೊಂಡು ಕೆಮ್ಮಿದ. “ಸತ್ಯವ್ವಾ, ಸಿಟ್ಟ ಆಮ್ಯಾಲ ಮಾಡವಾ. ಗಂಡ ಇದ್ದಾಕಿ ಶನಿವಾರ ಹೋಗ್ಯಾಳ. ಜೋಡಿ ಕೇಳತಾಳ. ಚಟ್ಟಕ್ಕ ಹುಂಜದ ಮರಿ ಕಟ್ಟಬೇಕು. ಅದೂ ಇನ್ನೂ ಕಾಳ ಮುಟ್ಟದ ಮರಿ. ಮಣ್ಣ ಆದ ಮ್ಯಾಲ ಬಿಚ್ಚಿದರ ನಡೀತೈತಿ.”

“ತಪ್ಪಿ ಹ್ಯಾಟಿಮರಿ ಕಟ್ಟಿದರ?” ಎಂದು ಕೇಳಿದ ಜಕ್ಕಪ್ಪ.

“ಹೆಣ್ಣಮರಿ ಆಕಿಗೆ ಜೋಡಿ ಆಗೂದಿಲ್ಲ. ಗಂಡನ್ನ ಕರೀತಾಳ.”

ಮಂದಿ ಎಲ್ಲ ಸತ್ಯವ್ವನ ಮುಖ ನೋಡಿದರು. ನಿನ್ನೆ ತತ್ತಿ ಒಡೆದು ಬಂದ ಮರಿಯಲ್ಲಿ ಹೆಣ್ಣು ಯಾವುದು ಗಂಡು ಯಾವುದು ಎಂದು ಹೇಳುವವಳು ಸುತ್ತಿನ ಸೀಮೆಗೆಲ್ಲ ಒಬ್ಬಳೇ ಇದ್ದಳು. ಅವಳೀಗ ಚಟ್ಟದ ಮೇಲೆ ಮಲಗಿದ್ದಳು. ಆ ವಿದ್ಯೆ ಉಳಿದಿದ್ದರೆ ಮಗಳ ಕೈಯಲ್ಲಿ ಉಳಿದಿರಬೇಕು.

* * *

ಸಿದ್ದಕ್ಕ ಮರಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು, ಬಾಲದ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿಸುತ್ತಿದ್ದಳು. ಅಲ್ಲಿ ಜೋಳದ ನುಚ್ಚಿನಷ್ಟು ಗುಳ್ಳೆ ಬೆರಳಿಗೆ ಸಿಕ್ಕರೆ ಹುಂಜ, ಸಿಗದಿದ್ದರೆ ಹ್ಯಾಟಿ. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಯ ಈ ಕೈಚಳಕ ನೋಡಿ ಜಕ್ಕಪ್ಪ ಊರ ತುಂಬ ಮೀಸೆ ತಿರುವಿಕೊಂಡು ಓಡಾಡಿದ್ದ.

ಅವಳು ಬಸಿರಾದಾಗ ಅವನಿಗೆ ಒಂದೇ ಹಟ ಹಿಡಿಯಿತು.

“ಕೋಳಿದು ಹೇಳ್ತಿ, ನಿನ್ನ ಹೊಟ್ಟ್ಯಾಗಿಂದು ಹೇಳಾಕ ಬರೂದಿಲ್ಲೇನ?”

“ಒಡಿಯೂತನಕಾ ಯಾರಿಗೆ ತಿಳೀತೈತಿ?” ಎಂದು ನಕ್ಕಿದ್ದಳು ಸಿದ್ದಕ್ಕ.

ಅವನು ಬಿಡಲಿಲ್ಲ. ಉಣ್ಣುವಾಗ ಕೇಳಿದ, ಕುರಿ ಬಿಡುವಾಗ ಕೇಳಿದ. ಕೊನೆಗೆ ಅವಳು ಬೇಸತ್ತು, ಗಂಡನಿಗೆ ಖುಷಿಯಾಗಲಿ ಎಂದು, “ಹುಂಜ” ಎಂದುಬಿಟ್ಟಳು. ಪಾಪ, ಜೀವಮಾನದಲ್ಲಿ ಅವಳು ನೋಡದೆ ಹೇಳಿದ್ದು ಅದೊಂದೇ.

ಸತ್ಯವ್ವ ಹುಟ್ಟಿದ ದಿನ ಜಕ್ಕಪ್ಪ ಕೂಸಿನ ಮುಖ ನೋಡಲಿಲ್ಲ. “ಹುಂಜ ಅಂದು ಹ್ಯಾಟಿ ಹಡದಿ. ಸುಳ್ಳಿ! ನನ್ನ ಮನ್ಯಾಗ ಸುಳ್ಳಿಗೆ ಜಾಗಾ ಇಲ್ಲ,” ಎಂದು ಹಸಿ ಬಾಣಂತಿಯನ್ನು ಹೊಸ್ತಿಲ ಹೊರಗೆ ಹಾಕಿದ. ಬೇರೆ ಮದುವೆಯಾದ. ಆ ಎರಡನೆಯವಳು ಒಂದರ ಹಿಂದೆ ಒಂದರಂತೆ ಬರೀ ಹೆಣ್ಣನ್ನೇ ಹೆತ್ತಳು. ಆಗ ಅವನು ಯಾರನ್ನು ಸುಳ್ಳಿ ಎಂದನೋ ದೇವರಿಗೇ ಗೊತ್ತು.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು. ಸಿದ್ದಕ್ಕ ಬನಹಟ್ಟಿಯಲ್ಲಿ ಮರಿ ಮಾರಿ ಮಗಳನ್ನು ಬೆಳೆಸಿದಳು. “ಎಂದಾರ ಆತ ಬಂದರ ಒಂದ ತಂಬಿಗಿ ನೀರ ಕೊಟ್ಟು ಕಳಸು,” ಎನ್ನುತ್ತಿದ್ದಳು. ಸತ್ಯವ್ವನಿಗೆ ತಾಯಿಯ ಬೆರಳು ಬಂದಿತ್ತು, ತಾಯಿಯ ಮನಸ್ಸು ಬಂದಿರಲಿಲ್ಲ.

* * *

ಸತ್ಯವ್ವ ಬುಟ್ಟಿಗೆ ಕೈ ಹಾಕಿದಳು. ಒಂದು ಮರಿ ಹಿಡಿದಳು, ಒತ್ತಿ ನೋಡಿ ಬಿಟ್ಟಳು. ಇನ್ನೊಂದು ಹಿಡಿದಳು. ಜಕ್ಕಪ್ಪ ಕತ್ತು ಚಾಚಿ ನಿಂತಿದ್ದ.

ಹ್ಯಾಟಿಯನ್ನು ಕಟ್ಟಿಬಿಡಬೇಕು ಎಂದು ಅವಳಿಗೆ ಖರೆ ಆಸೆಯಾಯಿತು. ಹೋಗಲಿ ಇವನೂ. ಮರುಗಳಿಗೆಗೆ ಕೈ ತಡೆದಳು. ಇವನು ಹೋಗುವುದು ಎಲ್ಲಿಗೆ? ಅವ್ವನ ಬೆನ್ನಿಗೇ ಅಲ್ಲವೇ? ಸತ್ತ ಮೇಲೂ ಅವ್ವ ಈ ಗಂಡನನ್ನು ತಾಳಿಕೊಳ್ಳಬೇಕೇ?

ಮೂರನೆಯ ಮರಿಯ ಬುಡದಲ್ಲಿ ಬೆರಳಿಗೆ ನುಚ್ಚಿನಷ್ಟು ಗುಳ್ಳೆ ಸಿಕ್ಕಿತು. ಹುಂಜ. ಅವಳು ಅದರ ಕಾಲಿಗೆ ದಾರ ಸುತ್ತಿ ಚಟ್ಟಕ್ಕೆ ಕಟ್ಟಿದಳು.

“ಹುಂಜ ಹೌದೋ ಅಲ್ಲೋ?” ಎಂದ ಜಕ್ಕಪ್ಪ.

ಸತ್ಯವ್ವ ಗಿರಮಲ್ಲಪ್ಪನ ಕಡೆ ತಿರುಗಿ, “ಹೊತ್ತ ಏರಾಕತ್ತೈತಿ, ಎತ್ತರಿ,” ಎಂದಳು.

ಕುಣಿಯ ತನಕ ಮರಿ ಒದರುತ್ತಲೇ ಹೋಯಿತು. ದಾರಿಯುದ್ದಕ್ಕೂ ಜಕ್ಕಪ್ಪ ಚಟ್ಟದ ಪಕ್ಕ ಬಿಡದೆ ನಡೆದ. ನೋಡಿದವರು ಹೆಂಡತಿಯ ಮೇಲೆ ಎಂಥ ಮಾಯೆ ಎಂದುಕೊಳ್ಳಬೇಕು. ಅವನ ಕಣ್ಣೆಲ್ಲ ಮರಿಯ ಬಾಲದ ಮೇಲಿತ್ತು.

ಮಣ್ಣು ಕೊಟ್ಟು ಮುಗಿಯಿತು. ಸತ್ಯವ್ವ ದಾರ ಬಿಚ್ಚಿ ಮರಿಯನ್ನು ಅವನ ಅಂಗೈಯಲ್ಲಿಟ್ಟಳು.

“ನೀವ ಒಯ್ಯರಿ.”

“ಏನೈತಿ ಇದು? ನಿನ್ನ ಕಾಲ ಬೀಳ್ತೇನಿ, ಹೇಳಬೇ ತಂಗಿ.”

“ನೋಡೇನಿ. ನನಗ ಗೊತ್ತೈತಿ,” ಎಂದಳು ಸತ್ಯವ್ವ. ಹುಟ್ಟಿದಂದಿನಿಂದ ಉರಿಯುತ್ತಿದ್ದ ಹೊಟ್ಟೆ ಮೊದಲ ಸಲ ತಣ್ಣಗಾಯಿತು. “ಸಾಕರಿ. ಕೂಗಿದರ ಹುಂಜ, ತತ್ತಿ ಇಟ್ಟರ ಹ್ಯಾಟಿ. ಅಲ್ಲೀತನಕಾ ಕಾಯ್ರಿ. ನಮ್ಮವ್ವನೂ ಬಸರ ಹೊತ್ತು ಹಿಂಗ ಕಾದಿದ್ದಳು.”

ಅವಳು ತಿರುಗಿ ನೋಡದೆ ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಬುಟ್ಟಿಯ ಮರಿಗಳಿಗೆ ಮೊದಲ ನುಚ್ಚು ಹಾಕಿದಳು.

ಮುಧೋಳದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಬಗಲಲ್ಲಿ ಹಸಿರು ಸೀರೆ ಇಟ್ಟುಕೊಂಡ ಮುದುಕನೊಬ್ಬ ಬೇವಿನ ಗಿಡದ ಕೆಳಗೆ ಕೋಳಿಮರಿಯನ್ನು ಅಂಗಾತ ಹಿಡಿದು, ಹೆಬ್ಬೆರಳಿನಿಂದ ಅದರ ಬುಡದ ಪುಕ್ಕ ಸರಿಸಿ, ಸರಿಸಿ ನೋಡುತ್ತಿದ್ದ.