ಹಿಟ್ಟಿನಂಥ ಧೂಳು

“ಎಳ್ಕೊಳ್ಲಾ!” ಎಂದು ಕೂಗಿದ ಮೇಲೆ ಮೌನೇಶನಿಗೆ ನೆನಪಾಯಿತು, ಆ ಕಡೆ ಯಾರೂ ಇಲ್ಲ.

ಬಾಗಿಲಿನ ಉದ್ದನೆಯ ಪಟ್ಟಿ ರೂಟರ್ ಮೇಜಿನ ಮೇಲೆ ಅರ್ಧ ದಾಟಿತ್ತು. ಮೇಜಿನ ನಡುವೆ ತಲೆಯೆತ್ತಿ ತಿರುಗುವ ಉಕ್ಕಿನ ಅಲಗು ಮರದ ಅಂಚಿಗೆ ನುಣುಪಾದ ಬಾಗು ಕೊರೆಯುತ್ತಿತ್ತು. ಈ ತುದಿಯಲ್ಲಿ ಒಬ್ಬ ತಳ್ಳಬೇಕು, ಆ ತುದಿಯಲ್ಲಿ ಇನ್ನೊಬ್ಬ ಎಳೆದುಕೊಳ್ಳಬೇಕು. ಈ ಮೇಜು ಪಾಂಡವಪುರದ ಬಡಗಿ ಅಂಗಡಿಗೆ ಬಂದಾಗಿನಿಂದ ಆ ತುದಿ ತಮ್ಮ ಹೇಮಂತನದು. ಈಗ ಅಲ್ಲೊಂದು ಕಬ್ಬಿಣದ ಸ್ಟ್ಯಾಂಡು ನಿಂತಿದೆ. ಪಟ್ಟಿ ಅದರ ಮೇಲೆ ಹೊಯ್ದಾಡಿ, ಅಂಚು ಕಚ್ಚಿ, ಕೆಟ್ಟಿತು. ಮೌನೇಶ್ ಯಂತ್ರ ನಿಲ್ಲಿಸಿದ.

ತಮ್ಮನನ್ನು ಸಾಕಿ, ಕಸುಬು ಕಲಿಸಿ, ಮದುವೆ ಮಾಡಿಸುವಷ್ಟರಲ್ಲಿ ಮೌನೇಶನ ಮದುವೆಯ ವಯಸ್ಸೇ ದಾಟಿಹೋಗಿತ್ತು. ಅದಕ್ಕಾಗಿ ಅವನು ಕೊರಗಿದವನಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಮೂವರೂ ಒಟ್ಟಿಗೆ ಉಣ್ಣುತ್ತಿದ್ದರು. ಆಮೇಲೆ ಹೇಮಂತನಿಗೆ ಕೆಮ್ಮು ಹತ್ತಿತು, ಕೆಮ್ಮು ಏದುಸಿರಾಯಿತು. ಹೆಂಡತಿ ವೀಣ ಅವನನ್ನು ಹೊಸಹೊಳಲಿನ ತನ್ನ ತವರಿಗೆ ಕರೆದುಕೊಂಡು ಹೋದಳು. ಮೌನೇಶ್ ಈಗ ಒಂದು ಲೋಟ ಅಕ್ಕಿ ಬೇಯಿಸಿ, ಅದರಲ್ಲೂ ಮಿಗಿಸುತ್ತಿದ್ದ.

ಭಾನುವಾರ ಅವನು ಆಲೆಮನೆಯಿಂದ ಅಚ್ಚುಬೆಲ್ಲ ಕಟ್ಟಿಸಿಕೊಂಡು ಹೊಸಹೊಳಲಿಗೆ ಹೋದ. ಹೇಮಂತ್ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ.

“ತಗೊಳ್ಲಾ, ಹೊಸಾ ಬೆಲ್ಲ. ದಿನಾ ಒಂದ್ ಚೂರು ಬಾಯ್ಗಾಕೊ. ಎದೇಲಿರೋ ಧೂಳೆಲ್ಲ ಇಳ್ದೋಯ್ತದೆ.”

“ಊಂ ಅಣ್ಣ” ಎಂದು ಹೇಮಂತ್ ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿಯುವ ನಡುವೆ ಉಸಿರಿಗಾಗಿ ನಿಲ್ಲಿಸಬೇಕಾಯಿತು. ಸ್ವಲ್ಪ ಹೊತ್ತಿನಲ್ಲೇ ಒಳಗೆ ಹೋಗಿ ಮಲಗಿದ.

ವೀಣ ಬೀದಿಯವರೆಗೂ ಬಂದಳು. “ಬಾವ, ತಪ್ ತಿಳ್ಕೋಬೇಡಿ. ಬೆಲ್ಲ ಹೊಟ್ಟೆಗೋಯ್ತದೆ. ಧೂಳು ಓಗಿರೋದು ಉಸ್ರಿಗೆ.”

“ನಮ್ಮಪ್ಪನ ಕಾಲ್ದಿಂದ್ಲೂ ತಿಂತಿದ್ದೀವಿ ಕಣಮ್ಮ. ನಂಗೇನಾಗೈತೆ? ಅವ್ನು ಮೊದ್ಲಿಂದ್ಲೂ ಸ್ವಲ್ಪ ನಾಜೂಕು.”

“ಆಸ್ಪತ್ರೇಲಿ ಡಾಕ್ಟ್ರು ಕೇಳುದ್ರು, ಕೆಲ್ಸದ ಜಾಗ್ದಲ್ಲಿ ಧೂಳು ಎಳ್ಕೊಳೋ ಮಿಷಿನ್ನೈತಾ ಅಂತ. ಐತೆ ಸಾರ್ ಅಂದ್ಬುಟ್ರು ಇವ್ರು. ಆಚ್ಗೆ ಬಂದು ಯಾಕಂಗಂದ್ರಿ ಅಂದ್ರೆ, ‘ಇಲ್ಲ ಅಂದ್ರೆ ಅಣ್ಣನ್ನ ಏನಂದ್ಕೊಂಡಾರು’ ಅಂತಾರೆ.” ಅವಳ ದನಿ ಏರಲಿಲ್ಲ. “ಡಾಕ್ಟ್ರು ಇನ್ನೇನೋ ಕಾಯ್ಲೆ ಅಂತ ಹುಡುಕ್ತಾ ಇದ್ರು. ಕೊನೆಗೆ ನಾನೇ ನಿಜ ಹೇಳ್ಬಂದೆ. ಆ ಧೂಳ್ಗೆ ಮತ್ತೆ ಕಾಲಿಡ್ಬಾರ್ದು ಅಂದವ್ರೆ. ನೋಡ್ಬೇಕು ಅನ್ಸುದ್ರೆ ನೀವೇ ಬನ್ನಿ. ಅವ್ರುನ್ನ ಕರೀಬೇಡಿ ಬಾವ. ಕರುದ್ರೆ ಬಂದ್ಬುಡ್ತಾರೆ.”

ಮೌನೇಶ್ ತಲೆಯಾಡಿಸಿ ಬಸ್ಸು ಹತ್ತಿದ.

ಮಾರನೆಯ ದಿನ ಒಂದು ಪಟ್ಟಿ ಕೊರೆಯುತ್ತಿದ್ದವನು ಅರ್ಧಕ್ಕೆ ಕೈಬಿಟ್ಟು, ಯಂತ್ರವನ್ನು ಹಾಗೆಯೇ ತಿರುಗಲು ಬಿಟ್ಟು, ಸುತ್ತಿ ಬಂದು ತಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಅಲ್ಲಿ ನಿಂತು ಎಂದೂ ನೋಡಿರಲಿಲ್ಲ. ತಳ್ಳುವಾಗ ತನ್ನ ಬೆನ್ನ ಹಿಂದಿರುತ್ತಿದ್ದ ಫ್ಯಾನು ಈಗ ಅವನಿಗೆ ಎದುರಾಗಿತ್ತು. ಮರದ ಮೇಲಿನ ಗೀಟು ಕಾಣಲಿ, ಧೂಳು ತನ್ನ ಕಣ್ಣಿಗೆ ಬೀಳದಿರಲಿ ಎಂದು ಅವನೇ ತಂದಿಟ್ಟಿದ್ದ ಫ್ಯಾನು. ಅದು ಮೇಜಿನ ಮೇಲಿದ್ದುದನ್ನೆಲ್ಲ ಎತ್ತಿ ತಂದು ಮುಖಕ್ಕೆ ಬಡಿಯಿತು. ಹೆಂಚಿನ ನಡುವಿನ ಗಾಜಿನಿಂದ ಬಿದ್ದ ಬಿಸಿಲ ಕೋಲಿನಲ್ಲಿ ಹಿಟ್ಟಿನಂಥ ಧೂಳು ಕುದಿಯುತ್ತಿತ್ತು. ಮೌನೇಶ್ ಕೆಮ್ಮಿದ. ಟವೆಲಿನಿಂದ ಬಾಯಿ ಮುಚ್ಚಿಕೊಂಡು ಮತ್ತೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋಗಿ ಫ್ಯಾನಿನ ವೈರು ಕಿತ್ತ.

ಅಕ್ಕಿ ಗಿರಣಿಯಲ್ಲಿ ಗಾಳಿಯನ್ನು ಸುತ್ತಿಸಿ ಹೊಟ್ಟು ಕೆಳಗೆ ಬೀಳಿಸುವ ತಗಡಿನ ಕೊಳವೆಯನ್ನು ಅವನು ನೋಡಿದ್ದ. ಅದೇ ಲೆಕ್ಕದಲ್ಲಿ ಒಂದು ಡ್ರಮ್ಮಿನ ಮೇಲೆ ಅಂಥದೇ ತಗಡಿನ ಆಲಿಕೆ ಕೂರಿಸಿದ. ಮೇಜಿನ ಕೆಳಗೆ ಮೋಟಾರಿನ ಸುತ್ತ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿ, ಮೋಟಾರು ಕಾಯದಂತೆ ಗಾಳಿಗೊಂದು ಕಿಂಡಿ ಬಿಟ್ಟ. ಪಟ್ಟಿಗೆ ಆಸರೆಯಾದ ಅಡ್ಡಹಲಗೆಯ ಹಿಂದೆ, ಅಲಗು ತಿರುಗುವ ಕಡೆಯೇ ಬಾಯಿ ಕೊರೆದು ಇನ್ನೊಂದು ಪೈಪು ಸೇರಿಸಿದ. ಎರಡೂ ಪೈಪು ಡ್ರಮ್ಮಿಗೆ, ಡ್ರಮ್ಮಿನಿಂದ ಗಾಳಿ ಎಳೆಯುವ ಬ್ಲೋಯರಿಗೆ. ಮೊದಲು ಬ್ಲೋಯರಿನ ಬಾಯಿಗೆ ಬಟ್ಟೆಯ ಚೀಲ ಕಟ್ಟಿದ. ಡ್ರಮ್ಮು ತುಂಬಿತು, ನೆಲ ಚೊಕ್ಕಟವಾಯಿತು. ಆದರೆ ಬಿಸಿಲ ಕೋಲು ಇನ್ನೂ ಮಬ್ಬಾಗಿತ್ತು. ಕಣ್ಣಿಗೆ ಬೀಳುವುದಷ್ಟೇ ಡ್ರಮ್ಮಿಗೆ ಬಿದ್ದಿತ್ತು. ಎದೆಗಿಳಿಯುವುದು ಬಟ್ಟೆಯನ್ನು ದಾಟಿ ವಾಪಸು ಬರುತ್ತಿತ್ತು. ಚೀಲ ಬಿಚ್ಚಿ, ಸಣ್ಣ ಪುಡಿಯನ್ನೂ ತಡೆಯುವ ಮಡಿಕೆ ಮಡಿಕೆಯ ಫಿಲ್ಟರು ತರಿಸಿ ಕಟ್ಟಿದ.

ಎದುರಂಗಡಿಯ ಬಡಗಿ ಶಿವಲಿಂಗಯ್ಯ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ. “ಏನ್ಲಾ ಇದು, ಅಂಗ್ಡಿಗೇ ಮೂಗ್ಗೆ ನಳಿಗೆ ಹಾಕಿದ್ದೀಯಲ್ಲ! ನಮ್ಮಪ್ಪ ಧೂಳು ಕುಡ್ದೇ ಮುಮ್ಮಕ್ಕಳ್ನ ಕಂಡ ಕಣ್ಲಾ.”

“ನಿಮ್ಮಪ್ಪ ಉಳಿ ಹಿಡ್ದಿದ್ರು. ಉಳಿ ಸಿಪ್ಪೆ ಬೀಳುಸ್ತದೆ. ಇದು ಹಿಟ್ಟು ಮಾಡ್ತದೆ.”

“ಅಲ್ಲ, ತಮ್ಮ ಬುಟ್ಟೋದ್ಮೇಲೆ ಯಾರಿಗ್ಲಾ ಇದೆಲ್ಲ? ನೀನೊಬ್ಬ ತಾನೆ ಇಲ್ಲಿರೋನು?”

ಮೌನೇಶ್ ಪೈಪಿನ ಕ್ಲಾಂಪು ಬಿಗಿಯುತ್ತಲೇ ಇದ್ದ. ಸಂಜೆ ಮುಖ ತೊಳೆದಾಗ ನೀರು ತಿಳಿಯಾಗಿ ಹರಿಯಿತು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಫೋನು ಕೈಗೆತ್ತಿಕೊಂಡ. ಹೇಳಿದರೆ ಕರೆದಂತಾಗುತ್ತದೆ ಎಂದು ಕೆಳಗಿಟ್ಟ.

ಸುದ್ದಿಯನ್ನು ಹೊಸಹೊಳಲಿಗೆ ಮುಟ್ಟಿಸಿದ್ದು ಶಿವಲಿಂಗಯ್ಯನೇ, ಲೇವಡಿ ಮಾಡಿಕೊಂಡು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ವೀಣ ಒಬ್ಬಳೇ ಇಳಿದು ಒಳಗೆ ಬಂದಳು.

“ಬಾವ, ಮಿಷಿನ್ ಆಕಿ. ಯಾವಾಗ್ಲೂ ಮಾಡೋ ಅಂಗೇ ಮಾಡಿ.”

ತನ್ನ ಫೋನನ್ನು ಮೇಜಿನ ಆ ತುದಿಯಲ್ಲಿ ಅಂಗಾತ ಇಟ್ಟು ಪಕ್ಕದಲ್ಲೇ ನಿಂತಳು. ಮೌನೇಶ್ ಒಂದು ಬಾಗಿಲಿನ ಪಟ್ಟಿಗಳನ್ನೆಲ್ಲ ಕೊರೆದ. ಕೊನೆಯ ಪಟ್ಟಿ ಮುಗಿದಾಗ ವೀಣ ಫೋನಿನ ಕಪ್ಪು ಗಾಜಿನ ಮೇಲೆ ಬೆರಳೆಳೆದಳು. ಬೆರಳನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿ ನೋಡಿದಳು. ಹೊರಗೆ ಹೋಗಿ ಆಟೋದೊಳಕ್ಕೆ ಬಗ್ಗಿದಳು.

“ಇಳೀರಿ. ಕೆಲ್ಸ ಮುಟ್ಟಂಗಿಲ್ಲ, ಬಾಗ್ಲು ದಾಟಂಗಿಲ್ಲ. ಸ್ವಲ್ಪೊತ್ತು, ಅಷ್ಟೇಯ.”

ಹೇಮಂತ್ ಮೆಲ್ಲಗೆ ಬಂದು ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತ. ಪೈಪು, ಡ್ರಮ್ಮು ಎಲ್ಲವನ್ನೂ ನೋಡಿ ನಕ್ಕ. “ಏನಣ್ಣ, ರೈಸ್ ಮಿಲ್ ಮಾಡ್ಬುಟ್ಟಿದ್ದೀಯ?”

ಬ್ಲೋಯರಿನ ಸದ್ದಿನಲ್ಲಿ ಮೌನೇಶನಿಗೆ ಅದು ಕೇಳಿಸಲಿಲ್ಲ. “ಏನಂದ್ಯೋ?” ಎನ್ನುತ್ತ ಒಂದೊಂದೇ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದ.

ಸದ್ದು ಅಡಗಿದಾಗ ತಮ್ಮನ ಉಸಿರು ಕೇಳಿಸಿತು. ಒಳಗೆ ಹೋಗುವಾಗ ಸಣ್ಣಗೆ ಕೊಯ್ಯುತ್ತ, ಹೊರಗೆ ಬರುವಾಗ ತಡವರಿಸುತ್ತ. ಇಷ್ಟು ವರ್ಷ ಎದುರುಬದುರು ನಿಂತು ದುಡಿದಾಗ ಯಂತ್ರದ ಗದ್ದಲದಲ್ಲಿ ಮೌನೇಶ್ ಅದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಅಂದು ಅವನು ಮತ್ತೆ ಗುಂಡಿ ಒತ್ತಲಿಲ್ಲ. ಸ್ಟೂಲು ಎಳೆದುಕೊಂಡು ತಮ್ಮನ ಪಕ್ಕದಲ್ಲಿ ಕೂತ. ವೀಣ ಹೊರಡುವ ಹೊತ್ತಾಯಿತೆನ್ನುವವರೆಗೂ ಆ ಉಸಿರನ್ನೇ ಕೇಳುತ್ತ ಕೂತಿದ್ದ.