ಸ್ತಾಮೆನಾಳ ಹಿತ್ತಲಿಗೆ ಬಿದ್ದ ಕಲ್ಲು

ಜೀವ ಕಲ್ಲಿನೊಳಗೆ ಕೂತು ಗ್ರಹದಿಂದ ಗ್ರಹಕ್ಕೆ ಪ್ರಯಾಣ ಮಾಡುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ ತಿಹೊಮಿರ್ ಮೇಷ್ಟ್ರನ್ನು ಕಂಡರೆ ಕಾಲೇಜಿನಲ್ಲಿ ಎಲ್ಲರಿಗೂ ನಗು. ಅತ್ತೆ ಸ್ತಾಮೆನಾಳಂತೂ ಅಳಿಯನನ್ನು ಹೆಸರು ಹಿಡಿದು ಕರೆದವಳೇ ಅಲ್ಲ; ಅವಳಿಗೆ ಅವನು ಬರೀ "ಕಲ್ಲು ಮೇಷ್ಟ್ರು". ಸರ್ಬಿಯಾದ ಹಳ್ಳಿಯಲ್ಲಿ ಅಳಿಯ ಅಂದರೆ ಸೌದೆ ಒಡೆಯಬೇಕು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಇಳಿಸಬೇಕು. ಇವನೋ, ಕಂಡ ಕಂಡ ಕಲ್ಲನ್ನೆಲ್ಲ ನೆಕ್ಕಿ ನೋಡುತ್ತಿದ್ದ.

ಅಂಥವನ ಅದೃಷ್ಟ ಖುಲಾಯಿಸಿದ್ದು ಅತ್ತೆಯ ಹಿತ್ತಲಲ್ಲೇ. ಮೇಷ್ಟ್ರು ಹೊರದೇಶದಲ್ಲಿದ್ದಾಗ, ಚಳಿಗಾಲಕ್ಕೆ ಮುಂಚೆ, ಆಕಾಶದಿಂದ ಕರೀ ಕಲ್ಲೊಂದು ಧಡಾರನೆ ಬಿದ್ದಿತು. ಅವನು ವಸಂತದಲ್ಲಿ ಬಂದಾಗ ಅತ್ತೆ ಅದನ್ನು ಸೋಪು ಹಾಕಿ ತೊಳೆದು ಕೊಟ್ಟಳು. ಕತ್ತರಿಸಿ ನೋಡಿದರೆ ಬಿರುಕುಗಳ ತುಂಬ ಜೀವಂತ ಸೂಕ್ಷ್ಮಾಣುಗಳು! ಮೇಷ್ಟ್ರು ಕುಣಿದುಬಿಟ್ಟ. ನಕ್ಕವರ ಬಾಯಿ ಮುಚ್ಚಿಸುವ ಆತುರದಲ್ಲಿ, ಅವು ಯಾವ ಜಾತಿಯವು ಎಂದು ಗೊತ್ತಾಗುವ ಮೊದಲೇ ಟಿವಿಯವರಿಗೆ ಫೋನ್ ಮಾಡಿದ.

ಹೀಗೆ ಹಿತ್ತಲಲ್ಲಿ ನೇರಪ್ರಸಾರ ಶುರುವಾಯಿತು. ಇಡೀ ಕಾಲೇಜು ನೋಡುತ್ತಿತ್ತು. ಸ್ತಾಮೆನಾ ಬಂದವರಿಗೆಲ್ಲ ಹುಳಿಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸಾರ್ಮಾ ಬಡಿಸಿದ್ದಳು. ಟಿವಿಯ ಹುಡುಗಿ ಯೆಲಿತ್ಸಾ ತಿನ್ನುತ್ತಲೇ ಕೇಳಿದಳು:

"ಕಲ್ಲು ಬಿದ್ದಾಗ ಏನ್ ಮಾಡಿದ್ರಿ ಅಜ್ಜಿ?"

"ಏನ್ ಮಾಡ್ಲಿ, ಬಾಯಿಗೆ ಬಂದಂಗೆ ಬೈದೆ. ಮೆಣಸಿನಕಾಯಿ ಪಾತಿ ಪೂರ್ತಿ ಹಾಳು!"

"ಆಮೇಲೆ ಎಲ್ಲಿಟ್ಟಿದ್ರಿ?"

"ಎಲ್ಲಿಡ್ತಾರೆ? ಕೋಸಿನ ಪೀಪಾಯೀಲಿ. ಉಪ್ಪುನೀರಲ್ಲಿ ಕೋಸು ತೇಲದಂಗೆ ಮೇಲೊಂದು ಕಲ್ಲು ಹೇರಬೇಡ್ವಾ? ನಮ್ಮ ಹೊಳೆ ಕಲ್ಲೆಲ್ಲ ಇದರ ಮುಂದೆ ಏನೂ ಅಲ್ಲ, ಅಷ್ಟು ಭಾರ! ಚಳಿಗಾಲ ಪೂರ್ತಿ ಅಲ್ಲೇ ಕೂತಿತ್ತು. ನೀನೀಗ ತಿಂತಿದ್ದೀಯಲ್ಲ, ಆ ಎಲೆ ಅದರಡೀದೇ."

ತಿಹೊಮಿರ್ ಎತ್ತಿದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ. ಕೋಸು ಹುಳಿಯಾಗುವುದೇ ಸೂಕ್ಷ್ಮಾಣುಗಳಿಂದ. ಅವನು ಬೇರೆ ಗ್ರಹದವರೆಂದು ಕೊಂಡಾಡಿದ್ದು ಅತ್ತೆಯ ಪೀಪಾಯಿಯವರನ್ನು!

ಅಳಿಯನ ಮುಖ ಬಿಳಿಚಿಕೊಂಡಿದ್ದನ್ನು ಸ್ತಾಮೆನಾ ಕಂಡಳು. ಏನು ತಪ್ಪಾಯಿತೋ ತಿಳಿಯಲಿಲ್ಲ, ಆಗಿದ್ದು ತನ್ನ ಬಾಯಿಂದಲೇ ಎಂಬುದಂತೂ ತಿಳಿಯಿತು.

"ಅಯ್ಯೋ, ಸುಳ್ಳು ಕಣಮ್ಮಾ!" ಎಂದು ಕ್ಯಾಮೆರಾಕ್ಕೆ ಅಡ್ಡ ಬಂದಳು. "ವಯಸ್ಸಾಯ್ತು, ತಲೆ ನೆಟ್ಟಗಿಲ್ಲ. ಕಲ್ಲು ಬೀರೂನಲ್ಲಿತ್ತು. ಬಟ್ಟೆ ಸುತ್ತಿ ಇಟ್ಟಿದ್ದೆ. ಬೇಕಾದ್ರೆ ಶಿಲುಬೆ ಮುಟ್ತೀನಿ!"

ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು ತನಗಾಗಿ ಊರೆದುರು ಸುಳ್ಳಾಣೆಗೆ ಕೈ ಎತ್ತಿದ್ದನ್ನು ಮೇಷ್ಟ್ರು ಕಂಡ. ತಲೆಯಾಡಿಸಿದರೆ ಸಾಕು, ಸದ್ಯಕ್ಕೆ ಮರ್ಯಾದೆ ಉಳಿಯುತ್ತಿತ್ತು. ಅವನು ಅವಳ ಕೈ ಹಿಡಿದು ಇಳಿಸಿದ.

"ನಮ್ಮತ್ತೆಗೆ ಸುಳ್ಳು ಹೇಳೋಕೆ ಬರಲ್ಲ," ಎಂದ. "ಬಂದಿದ್ರೆ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಹೊಗಳಿರೋರು. ಜೀವ ಪ್ರಯಾಣ ಮಾಡಿದೆ, ನಿಜ. ಆದ್ರೆ ಪೀಪಾಯಿಯಿಂದ ಕಲ್ಲಿಗೆ, ಅಷ್ಟೇ."

ಟಿವಿಯವರು ನಗುತ್ತಲೇ ಗಾಡಿ ಹತ್ತಿದರು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತ.

"ಕಲ್ಲು ಕತ್ತರಿಸಿದ ದಿನ ನೆಕ್ಕಿ ನೋಡಿದ್ದೆ ಅಮ್ಮಾ. ಹುಳಿ ಹುಳಿ, ಉಪ್ಪು ಉಪ್ಪು. ಬೇರೆ ಗ್ರಹದ ಸಮುದ್ರ ಅಂದ್ಕೊಂಡೆ."

ಸ್ತಾಮೆನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನ ತಟ್ಟೆಗೆ ಪಾತ್ರೆಯ ಕೊನೆಯ ಸಾರ್ಮಾ ಹಾಕಿ, "ತಿನ್ನು, ತಿಹೊಮಿರ್," ಎಂದಳು.

ಅವಳ ಬಾಯಲ್ಲಿ ಮೊದಲ ಸಲ ತನ್ನ ಹೆಸರು ಕೇಳಿ ಮೇಷ್ಟ್ರ ಕಣ್ಣು ತುಂಬಿ ಬಂತು. ಕತ್ತರಿಸಿ ಉಳಿದ ಕಲ್ಲನ್ನು ಮುಂದಿನ ಕೋಸಿನ ಕಾಲಕ್ಕೆ ವಾಪಸ್ ತಂದುಕೊಡುತ್ತೇನೆಂದು ಅಲ್ಲೇ ಮಾತು ಕೊಟ್ಟ.