ಕಣ್ಣು ಮುಚ್ಚಿ ಆಡಿದ ಮಾತು

ನಾನು ಮತ್ತು ನನ್ನ ನೆಗೆಣ್ಣಿ, ಭಾವನ ಹೆಂಡತಿ ಮಂಗಲಕ್ಕ ಎರಡು ವರ್ಷ ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ರೊಟ್ಟಿ ಬಡಿದೆವು. ಮಾತಿಲ್ಲದೆ ಎಂದರೆ ನೇರ ಮಾತಿಲ್ಲದೆ. ಹೇಳಬೇಕಾದ್ದನ್ನೆಲ್ಲ ಸಂಜೆ ಏಳೂವರೆಗೆ ದೇವರ ಮುಂದೆ ಹೇಳುತ್ತಿದ್ದೆವು.

ಮಿರಜದ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಿದ್ದೇ ಇಲ್ಲ. ಟಿವಿ ಬಂದ್, ಮೊಬೈಲುಗಳು ಫ್ರಿಜ್ಜಿನ ಮೇಲೆ, ಮನೆಮಂದಿಯೆಲ್ಲ ಚಾಪೆಯ ಮೇಲೆ. ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ಚರ್ಚಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಇದು ಅತ್ತೆ ಕೃಷ್ಣವ್ವನವರ ಕಾಯಿದೆ. ಅವರು ಮ್ಹೈಸಾಳದಲ್ಲಿ ಹೊಳೆಯ ದಂಡೆಗೆ ಹುಟ್ಟಿದವರು, ಹೊಳೆಯ ಹೆಸರನ್ನೇ ಹೊತ್ತವರು. ದೀಕ್ಷಾಸ್ನಾನದ ಹೊತ್ತಿಗೆ ಯಾರೋ ಹೆಸರು ಬದಲಿಸಿಕೊಳ್ಳಿ ಎಂದರೆ, "ಹೊಳಿ ಏನ್ ಪಾಪ ಮಾಡೇತ್ರಿ?" ಎಂದು ಕೇಳಿದರಂತೆ. ಹೆಸರು ಹಾಗೇ ಉಳಿಯಿತು.

ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಜಗಳವಾಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

"ಕರ್ತನೇ, ಸಿಲಿಂಡರ್ ಮುಗಿಯಾಕ ಬಂದೈತಿ. ಬುಕ್ ಮಾಡೋ ಬುದ್ಧಿ ಯಾರಿಗರ ಕೊಡು," ಎಂದು ಮಂಗಲಕ್ಕ.

ನನ್ನ ಸರದಿ ಬಂದಾಗ ನಾನು: "ಕರ್ತನೇ, ಬುಕ್ ಮಾಡಿ ಎರಡು ದಿನ ಆತು. ಫ್ರಿಜ್ಜಿನ ಮ್ಯಾಲೆ ಚೀಟಿ ಅಂಟಿಸೇನಿ. ಓದೋ ಕಣ್ಣು ಯಾರಿಗರ ಕೊಡು."

ನನ್ನ ಗಂಡ ನಗು ತಡೆಯಲಾಗದೆ ಕೆಮ್ಮುತ್ತಿದ್ದರು. ಭಾವ ಜ್ಯೋತೆಪ್ಪನವರು ಮಾತ್ರ ಎಲ್ಲದಕ್ಕೂ ಗಟ್ಟಿಯಾಗಿ "ಆಮೆನ್" ಎನ್ನುತ್ತಿದ್ದರು, ಹೆಂಡತಿಯ ಪ್ರಾರ್ಥನೆಗೂ ಅಷ್ಟೇ, ನನ್ನದಕ್ಕೂ ಅಷ್ಟೇ. ಪುಣ್ಯಾತ್ಮರು.

ಜಗಳ ಹುಟ್ಟಿದ್ದು ಕರ್ಚಿಕಾಯಿಯಿಂದ. ಆ ಕ್ರಿಸ್‌ಮಸ್‌ಗೆ ಮಂಗಲಕ್ಕ ಎರಡು ದಿನ ಒಲೆಯ ಮುಂದೆ ಕೂತು ಡಬ್ಬಿಗಟ್ಟಲೆ ಕರ್ಚಿಕಾಯಿ ಕರಿದರು. ನಾನು ತಾಟಿನಲ್ಲಿ ಚೆಂದವಾಗಿ ಜೋಡಿಸಿ, ಪಕ್ಕದಲ್ಲೊಂದು ಮೇಣದಬತ್ತಿ ಇಟ್ಟು ಫೋಟೊ ತೆಗೆದು, ಚರ್ಚಿನ ಹೆಣ್ಣುಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಸುಮನಳ ಕೈ ಬಂಗಾರದ್ದು" ಎಂದು ನನ್ನನ್ನು ಹೊಗಳಿ ಒಬ್ಬರು ಬರೆದರು. ಆಮೇಲೆ ಹತ್ತು ಜನ ಬರೆದರು. ಮಾಡಿದವರು ಅಕ್ಕ ಎಂದು ಒಂದು ಸಾಲು ಹಾಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಕಲಿಲ್ಲ. ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದೆ.

ಅಂದು ಸಂಜೆ ಮಂಗಲಕ್ಕ, "ಕರ್ತನೇ, ಮಂದಿ ದುಡಿದದ್ದನ್ನ ತಮ್ಮದು ಅನ್ನಾವ್ರನ್ನ ಕ್ಷಮಿಸು," ಎಂದು ಪ್ರಾರ್ಥಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಅವಸ್ಥೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ತಪ್ಪು ನನ್ನದಾಗಿದ್ದಾಗ ಅದು ಇನ್ನೂ ಜೋರು. ಮಾತು ಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ಒಂದು ಸೋಮವಾರ ಮಂಗಲಕ್ಕ ಹೀಗೆ ಪ್ರಾರ್ಥಿಸಿದರು: "ಕರ್ತನೇ, ಬುಧಗಾಂವದಾಗ ನಮಗ ಮನಿ ಕೊಟ್ಟಿ, ನಿನಗ ಸ್ತೋತ್ರ. ಶನಿವಾರ ಸಾಮಾನ ಒಯ್ಯಾಕ ಟೆಂಪೊ ಹೇಳೇವಿ."

ನಾನು ಕಣ್ಣು ತೆರೆದುಬಿಟ್ಟೆ. ಅವರ ಕಣ್ಣು ಮುಚ್ಚಿಯೇ ಇದ್ದವು. ಭಾವನವರ ಕೆಲಸ ಸಾಂಗಲಿಯಲ್ಲಿ, ಅವರಿಗೆ ಬುಧಗಾಂವ ಹತ್ತಿರ, ಅದೆಲ್ಲ ಸರಿ. ಆದರೆ ಮಾತಿಲ್ಲದಿದ್ದರೂ ಅವರ ರೊಟ್ಟಿ ಬಡಿಯುವ ಸದ್ದು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ನನ್ನ ಸರದಿಯಲ್ಲಿ ಬಾಯಿಗೆ ಬಂದದ್ದು ನಲ್ಲಿ ನೀರಿನ ವಿಷಯ.

ಶುಕ್ರವಾರ ಕೊನೆಯ ಪ್ರಾರ್ಥನೆ. ಅವತ್ತು ಹೇಳಿಯೇ ಬಿಡುವುದೆಂದು ನಿರ್ಧರಿಸಿದೆ. ಹಿಟ್ಟು ನಾದುತ್ತ, ಪಾತ್ರೆ ತಿಕ್ಕುತ್ತ, ದಿನವಿಡೀ ಬಾಯಿಪಾಠ ಮಾಡಿಕೊಂಡೆ: ಕರ್ತನೇ, ಕರ್ಚಿಕಾಯಿ ಮಾಡಿದವರು ಅಕ್ಕ, ನನ್ನದು ಬರೀ ಫೋಟೊ, ನನ್ನನ್ನು ಕ್ಷಮಿಸು.

ಏಳೂವರೆಗೆ ನೋಡಿದರೆ ಪಾಸ್ಟರ್ ಬಂದು ಕೂತಿದ್ದಾರೆ. ಅತ್ತೆಯೇ ಫೋನು ಮಾಡಿ ಕರೆಸಿದ್ದರು. "ಇವತ್ತ ಪಾಸ್ಟರ್ ಒಬ್ಬರೇ ಪ್ರಾರ್ಥನಾ ಮಾಡ್ತಾರ. ನೀವೆಲ್ಲಾ ಸುಮ್ನ ಕುಂದರ್ರಿ," ಎಂದರು.

ಪಾಸ್ಟರ್ ಹೊಸ ಮನೆಯ ಹೊಸ್ತಿಲಿಗೆ, ಬೋರವೆಲ್ಲಿಗೆ, ಮೀಟರಿಗೆ, ಟೆಂಪೊ ಚಾಲಕನ ಕೈಕಾಲಿಗೆ ಕೂಡ ಆಶೀರ್ವಾದ ಬೇಡಿದರು. ಏನೂ ಬಿಡಲಿಲ್ಲ. ಆಮೆನ್ ಆಯಿತು. ಚಹಾ ಕುಡಿದು ಅವರು ಹೊರಟರು.

"ಆತು, ತಾಟ ಹಾಕ್ರಿ," ಎಂದು ಅತ್ತೆ ಎದ್ದರು.

"ಅತ್ತಿ, ನನ್ನ ಪ್ರಾರ್ಥನಾ ಉಳದೈತ್ರಿ," ಎಂದೆ.

"ನಾಳಿ ಮಾಡು."

"ನಾಳಿ ಅಕ್ಕ ಇರೂದಿಲ್ರಿ."

"ಹಂಗಾರ ಅದು ದೇವರಿಗೆ ಹೇಳೂದಲ್ಲ ಬಿಡವ್ವಾ," ಎಂದು ಅತ್ತೆ ಮೆಲ್ಲಗೆ ಹೇಳಿ ಒಳಗೆ ಹೋದರು.

ಅಡುಗೆಮನೆಯಲ್ಲಿ ಮಂಗಲಕ್ಕ ತಮ್ಮ ಪಾಲಿನ ಸ್ಟೀಲಿನ ಡಬ್ಬಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಬಾಯಿಪಾಠ ಮಾಡಿದ್ದೆಲ್ಲ ಕರ್ತನೇ ಎಂದು ಶುರುವಾಗುತ್ತಿತ್ತು. ಅದನ್ನು ತೆಗೆದರೆ ಮುಂದಿನದು ನಾಲಿಗೆಗೆ ಬರಲೊಲ್ಲದು.

"ಅಕ್ಕಾ," ಎಂದೆ.

ಪೇಪರಿನ ಸದ್ದು ನಿಂತಿತು.

"ಕರ್ಚಿಕಾಯಿ ನೀವು ಮಾಡಿದ್ರಿ. ನಾ ಎಲ್ಲಾರಿಗೂ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತ್ರಿ. ನೀವು ಹೋಗೂದಕ್ಕ ನನಗ ಭಾಳ ಸಂಕಟ ಆಗೈತಿ."

ಅವರು ತಿರುಗಿ ನೋಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಕರ್ಚಿಕಾಯಿ ಸುಡ್ಲಿ. ಅದರದ್ದೇನು," ಎಂದರು. "ಎರಡು ವರ್ಷ ದಿನಾ ಸಂಜಿಕ ಕಿವಿ ಕೊಟ್ಟು ಕುಂತೇನಿ, ಸುಮನ. ಮನ್ಯಾಗಿನ ಎಲ್ಲಾರ ಹೆಸರೂ ತಗೊಂಡಿ. ಬಾಜೂಮನಿ ಇಂದುಬಾಯಿ ಮೊಣಕಾಲಿಗೂ ಪ್ರಾರ್ಥನಾ ಮಾಡಿದಿ. ನನ್ನ ಹೆಸರು ಒಂದಿನಾನೂ ತಗೊಳ್ಳಲಿಲ್ಲ. ನಿನ್ನ ಪ್ರಾರ್ಥನಾದಾಗ ನಾ ಬರೇ ‘ಯಾರಿಗರ’ ಆಗಿಬಿಟ್ಟೆ."

ನಾನು ಹೋಗಿ ಅವರ ಪಕ್ಕದಲ್ಲಿ ಕೂತು ಒಂದು ಡಬ್ಬಿ ಕೈಗೆತ್ತಿಕೊಂಡು ಸುತ್ತತೊಡಗಿದೆ. ಕಣ್ಣಲ್ಲಿ ನೀರು ತುಂಬಿ ಪೇಪರು ಸರಿಯಾಗಿ ಕಾಣಲಿಲ್ಲ. ಅವರು ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ತಾವೇ ಸುತ್ತಿದರು.

"ಈಗ ಏನಂದಿ, ಬಾಗಲದಾಗ ನಿಂತು?" ಎಂದು ಕೇಳಿದರು.

"ತಪ್ಪಾತು ಅಂದೆ."

"ಅದಲ್ಲ. ಅದಕ್ಕೂ ಮೊದಲ."

"ಅಕ್ಕಾ ಅಂದೆ."

"ಇನ್ನೊಮ್ಮೆ ಅನ್ನು."

ಅಂದೆ. ಮತ್ತೊಮ್ಮೆ ಅಂದೆ.